ಬೈಕ್ ಗೆದ್ದಾಂವ ನಾನು, ಕೀಲಿ ಅವರ ಕಿಸೆಯಾಗ

ಅಮೆರಿಕ, ಕೆನಡಾಗಳ ಎಷ್ಟೋ ಸಣ್ಣ ಊರುಗಳಿಗೆ ತಮ್ಮದೇ ಐಸ್ ಹಾಕಿ ತಂಡವಿದೆ. ದೊಡ್ಡ ಲೀಗಿನವರು ಅದರ ಹೆಸರು ಕೇಳಿರುವುದಿಲ್ಲ, ಊರಿನವರು ಅದಕ್ಕಾಗಿ ಜಗಳಕ್ಕೂ ಸಿದ್ಧ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಆ ಜಾಗದಲ್ಲಿ ನಿಂತಿರುವುದು ಹೋರಿ. ಬಲಿಪಾಡ್ಯಮಿಗೆ ಶುರುವಾದ ಹೋರಿ ಹಬ್ಬ ಸಂಕ್ರಾಂತಿ ದಾಟಿದರೂ ಊರೂರು ಸುತ್ತುತ್ತಿರುತ್ತದೆ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು, ಹೋರಿ ಹರಿಯಗೊಡದೆ ಪಾರಾಗಬೇಕು. ಹಲವು ಸೀಸನ್ ಓಡಿ ಈಗ ಬ್ಯಾಡಗಿ ಕಡೆಯ ಕೊಟ್ಟಿಗೆಯೊಂದರಲ್ಲಿ ನಿವೃತ್ತಿಯಲ್ಲಿರುವ ಹಿರಿಯ ಹೋರಿ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಮಾತಿಗೆ ಒಪ್ಪಿತು.

ಹೆಸರು ಯಾಕೆ ಬೇಡ ಅಜ್ಜಾರ?

ನನ್ನ ಹೆಸರಿನಾಗ ಅರ್ಧ ಊರಿಂದು, ಅರ್ಧ ಸಿನಿಮಾದ್ದು ತಮ್ಮಾ. ಹಾಕಿದಿ ಅಂದ್ರ ನಾಳೆ ಮುಂಜಾನೆ ಅಭಿಮಾನಿ ಬಳಗದವರು ನಿನ್ನ ಆಫೀಸಿನ ಮುಂದ ಇರ್ತಾರ.

ನಿಮ್ಮ ತಂಡದ ಇತಿಹಾಸ ಸ್ವಲ್ಪ ಹೇಳಿ.

ಎಲ್ಲಿ ತಂಡ? ಓಡಾಂವ ನಾ ಒಬ್ಬನ. ಉಳಿದವರದ್ದು ಟೀ ಶರ್ಟು. ನಾ ಹಳ್ಳಿಕಾರ ತಳಿ. ಜಾತ್ರಿಯಾಗ ಹಲ್ಲು ನೋಡಿ, ಸುಳಿ ನೋಡಿ, ಟವೆಲ್ ಕೆಳಗ ಬೆರಳು ಹಿಡಿದು ವ್ಯಾಪಾರ ಮುಗಿಸಿದ್ರು. ಐಪಿಎಲ್ ಹರಾಜಿಗೆ ಆಟಗಾರರು ತಮ್ಮ ಹೆಸರು ತಾವ ಕೊಡ್ತಾರಂತ. ನನ್ನ ರೇಟು ಎಷ್ಟಾತು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಆಮ್ಯಾಲ ಹುರುಳಿ, ಹತ್ತಿಕಾಳು, ಮೊಟ್ಟಿ, ಕೆರಿಯಾಗ ಈಜು. ಮನಿ ಹುಡುಗರು ಸಾಲಿಗೆ ಹೋದ್ರೋ ಇಲ್ಲೋ ಯಾರೂ ಕೇಳ್ತಿರಲಿಲ್ಲ, ನಾ ಈಜಿದೆನೋ ಇಲ್ಲೋ ಇಡೀ ಓಣಿ ಕೇಳ್ತಿತ್ತು.

ಬಹುಮಾನಗಳು?

ಬೈಕ್ ಗೆದ್ದೀನಿ. ನಾ ಅದರ ಮ್ಯಾಲ ಕುಂತಿಲ್ಲ, ಕೀಲಿ ಮಾಲೀಕರ ಕಿಸೆಯಾಗ ಐತಿ. ಬಂಗಾರದ ಉಂಗುರ ಗೆದ್ದೀನಿ, ನನಗ ಬೆರಳಿಲ್ಲ. ಫ್ರಿಜ್ಜೂ ಬಂತು. ಅದರಾಗ ಮೇವು ಇಡಂಗಿಲ್ಲಂತ.

ಆದರೂ ಕೊರಳಿಗೆ ಹಾರ ಬಿದ್ದಿದೆಯಲ್ಲ?

ಹಾರದ ಮಾತು ತಗದಿ, ಕೇಳು. ಹಾವೇರಿಯಾಗ ಎರಡು ನಮೂನಿ ಹಾರ ಅದಾವು. ದೊಡ್ಡ ಮನಷ್ಯಾರಿಗೆ ಯಾಲಕ್ಕಿ ಹಾರ, ನಮಗ ಕೊಬ್ಬರಿ ಹಾರ. 2023ರ ಜನವರಿಯಾಗ ಸಾಹಿತ್ಯ ಸಮ್ಮೇಳನ ಆತು, ಇಡೀ ನಾಡು ಇದನ್ನ ಯಾಲಕ್ಕಿ ಕಂಪಿನ ಊರು ಅಂತ ಹೊಗಳಿತು. ಯಾಲಕ್ಕಿ ಬೆಳೆಯೋದು ಮಲೆನಾಡಿನಾಗ, ಕೊಬ್ಬರಿ ಪೇಟಿ ತಿಪಟೂರಿನಾಗ, ಪೋಣಿಸೋದು ಮಾತ್ರ ನಾವು. ಫರಕು ಒಂದ ಐತಿ. ಯಾಲಕ್ಕಿ ಹಾರ ಹಾಕ್ಕೊಂಡವರನ್ನ ಯಾರೂ ಅಟ್ಟಿಸಿಕೊಂಡು ಬರಂಗಿಲ್ಲ.

ಕೋರ್ಟಿನಲ್ಲೂ ನಿಮ್ಮ ಆಟ ನಡೆಯಿತು.

ಅದು ದೊಡ್ಡ ಲೀಗಿನವರ ಮ್ಯಾಚು. 2014ರ ಮೇ 7ಕ್ಕ ಸುಪ್ರೀಂ ಕೋರ್ಟು ಜಲ್ಲಿಕಟ್ಟು ನಿಲ್ಲಸ್ರಿ ಅಂತು. ಏಟು ಬಿದ್ದದ್ದು ತಮಿಳುನಾಡಿನ ಅಣ್ಣಗ, ಬಾಸುಂಡೆ ಎದ್ದದ್ದು ನಮ್ಮ ಬೆನ್ನಿಗೂ. 2017ರಾಗ ಜಲ್ಲಿಕಟ್ಟು ಬೇಕಂತ ಚೆನ್ನೈ ಮರೀನಾ ದಂಡಿಗೆ ಜನ ಕುಂತ ಮ್ಯಾಲ ಬೆಂಗಳೂರಿನವರಿಗೂ ನೆಪ್ಪಾತು. 1960ರ ಪ್ರಾಣಿ ಹಿಂಸೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟ ಅಂತ ಬರೆದ್ರು. 2023ರ ಮೇ 18ಕ್ಕ ಐದು ಮಂದಿ ನ್ಯಾಯಮೂರ್ತಿಗಳು ಎತ್ತಿ ಹಿಡಿದ್ರು. ಕಂಬಳದ ಕೋಣಕ್ಕ ಮೊದಲನೇ ಪಂಕ್ತಿ. ನಮ್ಮ ಕೊಬ್ಬರಿ ಸುದ್ದೀನ ಅದರಾಗ ಇಲ್ಲ. ಹೋರಿ ಓಟ ಅನ್ನೋ ಎರಡು ಪದದ ಸಂದಿನಾಗ ನಮ್ಮ ಇಡೀ ಸೀಸನ್ ನುಸುಳಿ ಹೋಗತೈತಿ. ಮಜಾ ಅಂದ್ರ, ಒಂಬತ್ತು ವರ್ಷ ಎರಡೂ ಕಡಿ ವಕೀಲರು ವಾದ ಮಾಡಿದ್ದು ನನ್ನ ಪರವಾಗೇ ಅಂತ!

ಜನ ಸಾಯುತ್ತಿದ್ದಾರೆ. ಅದಕ್ಕೇನು ಹೇಳುತ್ತೀರಿ?

(ಮೆಲುಕು ನಿಲ್ಲಿಸಿ) 2025ರ ದೀಪಾವಳಿಯಾಗ ನಮ್ಮ ಜಿಲ್ಲೆಯಾಗ ಹೋರಿ ಬಡಿದು ಸತ್ತವರಾಗ ಅಖಾಡಕ್ಕ ಇಳಿಯದವರೂ ಇದ್ರು. ತಮ್ಮಾ, ಕಿವಿ ಹತ್ತರ ಪಟಾಕಿ, ಎರಡೂ ಕಡಿ ಸಾವಿರಾರು ಬಾಯಿ. ಮುಂದ ಸಂದು ಕಂಡ್ರ ನಾ ಓಡ್ತೀನಿ. ಆ ಸಂದಿನಾಗ ಯಾರು ನಿಂತಾರ, ಯಾಕ ನಿಂತಾರ ಅಂತ ವಿಚಾರಿಸೋ ಬುದ್ಧಿ ನನಗಿಲ್ಲ. ಬೇಲಿ ಕಟ್ಟೋರಿಗೆ ಇರಬೇಕು. ನೀವು ಪೇಪರಿನಾಗ ನನಗ ಶೂರ ಅಂತ ಬರೀತೀರಿ. ನಾ ಅಂಜಿ ಓಡಾಂವ. ಅಂಜಿದಷ್ಟೂ ಜೋರಾಗಿ ಓಡ್ತೀನಿ, ಜೋರಾಗಿ ಓಡಿದಷ್ಟೂ ದೊಡ್ಡ ಫ್ಲೆಕ್ಸು.

ಹಾಗಾದರೆ ಓಡದೆ ಇರುವ ಆಸೆ ಇದೆಯೇ?

ರಾಣೆಬೆನ್ನೂರಿನ ಕೃಷ್ಣಮೃಗ ನನಗಿಂತ ಜೋರಾಗಿ ಓಡತೈತಿ. ಅದಕ್ಕ 1974ರಾಗ ಅಭಯಾರಣ್ಯ ಮಾಡಿ ಕೊಟ್ರು. ನೂರಾ ಹತ್ತೊಂಬತ್ತು ಚದರ ಕಿಲೋಮೀಟರು, ಓಡಿದ್ರ ಓಡು, ಬಿಟ್ರ ಬಿಡು! ಅದರ ಕೊರಳಿಗೆ ಯಾರೂ ಏನೂ ಕಟ್ಟಂಗಿಲ್ಲ. ಅದಕ್ಕ ಅಭಿಮಾನಿ ಬಳಗನೂ ಇಲ್ಲ, ಪುಣ್ಯವಂತ ಪ್ರಾಣಿ.

ಮಾಲೀಕರ ಮೇಲೆ ಸಿಟ್ಟಿದೆಯೇ?

ಇಲ್ಲ. ನನ್ನ ಹುರುಳಿಯ ರೊಕ್ಕ ಬರೋದು ಅವರ ಮೆಣಸಿನಕಾಯಿ ಚೀಲದಿಂದ. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ ಬಂತು, ಹೆಸರಿಗೆ ಕಾವಲು ಸಿಕ್ತು, ರೇಟಿಗೆ ಸಿಗಲಿಲ್ಲ. 2024ರ ಮಾರ್ಚ್ 11ಕ್ಕ ಬ್ಯಾಡಗಿ ಎಪಿಎಂಸಿಯಾಗ ರೇಟು ಬಿತ್ತು ಅಂತ ರೈತರು ರೊಚ್ಚಿಗೆದ್ರು, ಗಾಡಿ ಸುಟ್ರು. ಅವತ್ತು ಮನಷ್ಯಾರು ಬೆದರಿದ್ದು ನೋಡಿದೆ. ಅವರ ಕೊರಳಾಗ ಹರಿಯೋಕ ಕೊಬ್ಬರಿ ಸೈತ ಉಳಿದಿರಲಿಲ್ಲ.

ಸಂದರ್ಶನದ ಜೊತೆ ನಿಮ್ಮ ಫೋಟೋ ಹಾಕಬಹುದೇ?

ಹಾಕು. ಆದ್ರ ಕ್ರಮ ತಪ್ಪಬ್ಯಾಡ. ಮ್ಯಾಲ ಸಾಲಾಗಿ ಮುಖಂಡರು, ನಡುವ ಮಾಲೀಕರು ಕರಿ ಕನ್ನಡಕ ಹಾಕ್ಕೊಂಡು, ಬಾಜೂಕ ಶುಭ ಕೋರುವ ಗೆಳೆಯರ ಬಳಗ. ಮೂಲ್ಯಾಗ ಜಾಗಾ ಉಳಿದ್ರ ನಾನು.