ಮಾನ್ಯ ಸಮಾಧಿಸ್ಥರ ಗಮನಕ್ಕೆ

ಜಕ್ಕೂರಿನ ತೋಟ, ಹೊಲಗಳ ಮೂಲೆಯಲ್ಲಿ ಮಲಗಿರುವ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ.

ತಾವು ಹೋದಾಗ ಇದು ಹಳ್ಳಿ. 2007ರಲ್ಲಿ ಬಿಬಿಎಂಪಿ ಬಂತು, 2025ರಲ್ಲಿ ಅದೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಬಂತು. ಇಷ್ಟಾದರೂ ತಾವು ಇ-ಖಾತೆಗೆ ಅರ್ಜಿ ಹಾಕಿಲ್ಲ!

ತಮ್ಮ ಮೊಮ್ಮಕ್ಕಳು ಜಮೀನು ಮಾರುವಾಗ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ರಾಜಕಾಲುವೆ ಎಂದು ಬರೆಸಿದರು. ಒಳಗೆ ತಾತ ಇದ್ದಾರೆ ಎಂದು ಬರೆಸಲಿಲ್ಲ. ಪಹಣಿಯಲ್ಲಿ ಬೆಳೆಗೆ ಕಾಲಂ ಇದೆ, ತಾತನಿಗಿಲ್ಲ. ಹೂತ ಮಾತ್ರಕ್ಕೆ ನೆಲ ತಮ್ಮದಾಗುವುದಿಲ್ಲ ಸ್ವಾಮಿ. ಸಮಾಧಿಯ ಜಾಗವನ್ನೂ ಅಲ್ಲಿಗೆ ಹೋಗಿಬರುವ ದಾರಿಯನ್ನೂ ಕ್ರಯಪತ್ರದಲ್ಲೇ ಬಿಟ್ಟು ಬರೆಸಿದ್ದರೆ ಮಾತು ಬೇರೆ ಇತ್ತು. ಈಗ ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿದು ಬಂದರೆ ಗೇಟಿನ ಸೆಕ್ಯೂರಿಟಿಯವನು ‘ಯಾವ ಫ್ಲ್ಯಾಟ್ ಸಾರ್?’ ಎನ್ನುತ್ತಾನೆ. ಒಳಗಿರುವವರು ಆ್ಯಪ್‌ನಲ್ಲಿ ಅಪ್ರೂವ್ ಮಾಡಬೇಕಂತೆ. ತಾವು ಮಾಡುತ್ತಿಲ್ಲ.

ನಮ್ಮನ್ನು ಯಾರು ಮುಟ್ಟುತ್ತಾರೆ ಎಂದು ಬೀಗಬೇಡಿ. ಸಾಹಸಸಿಂಹನ ಪಾಡು ನೋಡಿ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಅಂತ್ಯಸಂಸ್ಕಾರ ನಡೆದದ್ದು ಕೆಂಗೇರಿ ಕಡೆಯ ಅಭಿಮಾನ್ ಸ್ಟುಡಿಯೋದಲ್ಲಿ. ಆ ನೆಲ ಹಿಂದೆ ನಟ ಬಾಲಕೃಷ್ಣ ಅವರಿಗೆ ಸ್ಟುಡಿಯೋ ಕಟ್ಟಲೆಂದು ಸರ್ಕಾರ ಕೊಟ್ಟದ್ದು. ಭಕ್ತಿ ಅಭಿಮಾನಿಗಳದು, ಜಾಗ ಬಾಲಣ್ಣನ ಮನೆಯವರ ಕೈಯಲ್ಲಿ. ವರ್ಷಗಟ್ಟಲೆ ಜಗಳ, ಕೋರ್ಟು. 2023ರಲ್ಲಿ ಮೈಸೂರಿನಲ್ಲಿ ಸ್ಮಾರಕ ಉದ್ಘಾಟಿಸಿ ಸರ್ಕಾರ ಕೈತೊಳೆದುಕೊಂಡಿತು. 2025ರ ಆಗಸ್ಟ್‌ನಲ್ಲಿ ಒಂದು ದಿನ ಬೆಳಗಾಗುವಷ್ಟರಲ್ಲಿ ಸಮಾಧಿ ನೆಲಸಮ. ಮರುತಿಂಗಳೇ ಅದೇ ವಿಷ್ಣುವಿಗೆ ಕರ್ನಾಟಕ ರತ್ನ ಘೋಷಣೆ! ರತ್ನ ಇಡಲು ಸೈಟು ಬೇಕಿಲ್ಲವಲ್ಲ.

ಸಾರ್ವಜನಿಕ ಸ್ಮಶಾನಕ್ಕೆ ಹೋಗೋಣವೇ? ಸ್ಮಶಾನವಿಲ್ಲದ ಊರುಗಳಿಗೆ ಆರು ತಿಂಗಳಲ್ಲಿ ಜಾಗ ಕೊಡಿ ಎಂದು ಹೈಕೋರ್ಟ್ ಹೇಳಿದ್ದು 2019ರಲ್ಲಿ. 2022ರಲ್ಲೂ ನ್ಯಾಯಾಂಗ ನಿಂದನೆಯ ವಿಚಾರಣೆ ನಡೆಯುತ್ತಲೇ ಇತ್ತು. ಚರ್ಚಿನ ಅಂಗಳಕ್ಕೆ ಹೋದರೂ ಅಷ್ಟೆ, ನೆಲ ಚರ್ಚಿನದು, ಮೇಲಿನ ಕಲ್ಲಷ್ಟೇ ಮನೆಯವರದು.

ಆದ್ದರಿಂದ ಜೆಸಿಬಿ ಬರುವ ಮೊದಲು ತಾವು ಆಧಾರ್ ಸಹಿತ ಖುದ್ದು ಹಾಜರಾಗಿ ತಕರಾರು ಸಲ್ಲಿಸತಕ್ಕದ್ದು. ಬರಲಾಗದಿದ್ದರೆ ಯಾರಿಗಾದರೂ ಜಿಪಿಎ ಕೊಡಿ ಎನ್ನೋಣವೆಂದರೆ, ಕೊಟ್ಟವರು ತೀರಿಕೊಂಡರೆ ಅದೂ ರದ್ದಂತೆ. ಆ ಸಬೂಬು ಹೇಳಿ ತಪ್ಪಿಸಿಕೊಳ್ಳಬೇಡಿ.

ಇಂತಿ ತಮ್ಮ ತಲೆಯ ಮೇಲಿನ ಮೂರನೇ ಮಹಡಿಯ ಬಾಡಿಗೆದಾರ