ಪಾಯಿಂಟ್ ಟೂ ಭಾವ

ಪ್ರತಿ ಕುಟುಂಬದಲ್ಲೂ ಅಳೆಯುವವರೊಬ್ಬರು ಇರುತ್ತಾರೆ. ಹಾಲಿನವನು ಅತ್ತ ಹೋದ ಕೂಡಲೇ ಹಾಲನ್ನು ಲೀಟರಿನ ಪಾತ್ರೆಗೆ ಸುರಿದು ನೋಡುವವರು, ಬಸ್ಸಿನ ಕಿಟಕಿಯಿಂದ ಕಿಲೋಮೀಟರ್ ಕಲ್ಲು ಎಣಿಸಿ ಡ್ರೈವರನ ವೇಗದ ಲೆಕ್ಕ ಹಾಕುವವರು ಇವರೇ. ಊರಿನಲ್ಲಿದ್ದರೆ ಇವರಿಂದ ಅಂಥ ಅಪಾಯವೇನಿಲ್ಲ. ಇಂಥವರಿಗೆ ಅಮೆರಿಕದ ಚಳಿ, ಒಂದು ಬೇಸ್‌ಮೆಂಟು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, ನಿವೃತ್ತಿ ಎಲ್ಲವೂ ಒಟ್ಟಿಗೆ ಒದಗಿಬಂದರೆ ಏನಾಗುತ್ತದೆಂದು ನೋಡಬೇಕಾದವರು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿರುವ ನಮ್ಮ ಭಾವನ ಮನೆಗೆ ಬರಬೇಕು.

ಅಲ್ಲಿನ ಮನೆಗಳಲ್ಲಿ ಗ್ಯಾಸಿನ ಫರ್ನೇಸ್ ಇರುತ್ತದೆ. ಮನೆಯೊಳಗಿನ ಗಾಳಿಯನ್ನೇ ಎಳೆದುಕೊಂಡು, ಕಾಯಿಸಿ, ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೂ ತಳ್ಳುತ್ತದೆ. ಎಳೆದುಕೊಳ್ಳುವ ದಾರಿಯಲ್ಲಿ ಒಂದು ಫಿಲ್ಟರ್. ಅದಕ್ಕೆ ದೂಳು ಕಟ್ಟಿಕೊಂಡರೆ ಗಾಳಿ ಸಾಲದೆ ಫರ್ನೇಸ್ ವಿಪರೀತ ಕಾದು ತಾನೇ ಆರಿಹೋಗುತ್ತದೆ. ಬೇಸಿಗೆಯಲ್ಲಾದರೆ ಅದೇ ದಾರಿಯಲ್ಲಿರುವ ಎಸಿಯ ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ. ಅದಕ್ಕೇ 3 ತಿಂಗಳಿಗೊಮ್ಮೆ ಬದಲಿಸಿ ಎಂದು ಎಷ್ಟೋ ಫಿಲ್ಟರುಗಳ ರಟ್ಟಿನ ಅಂಚಿನಲ್ಲೇ ಅಚ್ಚಾಗಿರುತ್ತದೆ. ಮಿಕ್ಕವರು ಬದಲಿಸುತ್ತಾರೆ, ಇಲ್ಲವೇ ಮರೆಯುತ್ತಾರೆ. ಭಾವ ಆ ಅಚ್ಚನ್ನು ಓದಿ ಸಿಟ್ಟಾದರು.

‘ಕ್ಯಾಲೆಂಡರ್ ನೋಡಿ ಫಿಲ್ಟರ್ ಬದಲ್ಸೋದು ಮೂಢನಂಬಿಕೆ ಕಣಪಾ. ಎರಡು ನಾಯಿ ಸಾಕಿದೋರ ಮನೀಗೂ ನಮ್ಮನೀಗೂ ಒಂದೇ ಲೆಕ್ಕ ಏನು?’

ಮಾತು ಸರಿ. ಈ ಜಾತಿಯವರ ಜೊತೆ ಬಾಳುವ ಕಷ್ಟವೇ ಅದು, ಅವರ ಮಾತು ಸರಿಯಾಗಿಯೇ ಇರುತ್ತದೆ.

ಹೀಗೆ ಮಾನೋಮೀಟರ್ ಮನೆಗೆ ಬಂತು. ಫಿಲ್ಟರಿನ ಈಚೆಗೊಂದು, ಆಚೆಗೊಂದು ತೂತು ಕೊರೆದು ಸಣ್ಣ ಪೈಪು ಸಿಕ್ಕಿಸಿದರೆ ಎರಡೂ ಕಡೆಯ ಒತ್ತಡದ ವ್ಯತ್ಯಾಸ ತಿಳಿಯುತ್ತದೆ. ಫಿಲ್ಟರ್ ಕಟ್ಟಿಕೊಂಡಷ್ಟೂ ವ್ಯತ್ಯಾಸ ಹೆಚ್ಚು. ಮೂಢನಂಬಿಕೆಯ ವಿರುದ್ಧದ ಈ ಡ್ರಿಲ್ ಕೆಲಸವನ್ನು ಭಾವ ಭಾನುವಾರ ಸಂಜೆ ನಾಲ್ಕೂವರೆಯ ಒಳಗೇ ಮುಗಿಸಿದರು. ಆಮೇಲೆ ರಾಹುಕಾಲ.

ಮೊದಲು ಪಾರದರ್ಶಕ ಪೈಪನ್ನೇ ಯು ಆಕಾರಕ್ಕೆ ಬಗ್ಗಿಸಿ, ಅಕ್ಕನ ಕುಂಕುಮ ಕದಡಿದ ನೀರು ತುಂಬಿದ್ದರು. ದಾವಣಗೆರೆಯ ಬಿಡಿಟಿ ಕಾಲೇಜಿನ ಲ್ಯಾಬಿನಲ್ಲಿ ಪಾದರಸದ ಮಾನೋಮೀಟರ್ ನೋಡಿ ಬೆಳೆದವರು, 13.6ರಲ್ಲಿ 1 ಕಳೆದರೆ 12.6 ಎಂಬುದನ್ನು ಈಗಲೂ ನಿದ್ದೆಗಣ್ಣಿನಲ್ಲಿ ಹೇಳುತ್ತಾರೆ. ಆದರೆ ಫರ್ನೇಸಿನ ಒತ್ತಡ ಪಾದರಸದ ಘನತೆಗೆ ತಕ್ಕದ್ದಲ್ಲ. ಹೊಸ ಫಿಲ್ಟರಿನ ವ್ಯತ್ಯಾಸ ನೀರಿನ ಲೆಕ್ಕದಲ್ಲೂ 0.2 ಇಂಚು, ಅಂದರೆ 5 ಮಿಲಿಮೀಟರ್. ಕುಂಕುಮ ತಳಕ್ಕೆ ಕೂತಿತು, ನೀರು ಆರುತ್ತಾ ಬಂತು, ಭಾವನ ಕನ್ನಡಕ ಸೋತಿತು. ಕೊನೆಗೆ ಓರೆ ಕೊಳವೆಯ ಮಾನೋಮೀಟರನ್ನೇ ತರಿಸಿದರು. ಕೊಳವೆ ಓರೆಯಾಗಿರುವುದರಿಂದ ಒಂದಿಷ್ಟು ಏರಿದರೂ ಕೆಂಪು ಎಣ್ಣೆ ಉದ್ದಕ್ಕೆ ಓಡುತ್ತದೆ, ಓದುವುದು ಸುಲಭ. ಅದರ ಬೆಲೆಗೆ ಎಷ್ಟು ಫಿಲ್ಟರ್ ಬರುತ್ತಿತ್ತು ಎಂದು ಅಕ್ಕ ಕೇಳಿದಳು. ಈ ಒಂದು ಲೆಕ್ಕವನ್ನು ಮಾತ್ರ ಭಾವ ಇನ್ನೂ ಮಾಡಿಲ್ಲ.

ಒಂದು ಸಂಕ್ರಾಂತಿಯ ಊಟಕ್ಕೆ ಬೆಂಗಳೂರಿನಿಂದ ಹೊಸದಾಗಿ ಬಂದ ದಂಪತಿಯನ್ನು ಕರೆದಿದ್ದರು. ಆಗಷ್ಟೇ ಮನೆ ಕೊಂಡಿದ್ದ ಆ ಹುಡುಗ ಮಾತಿಗೆ ಮಾತು ಬಂದು ‘ಫರ್ನೇಸ್ ಫಿಲ್ಟರ್ ಯಾವಾಗ ಬದಲಿಸ್ಬೇಕು ಸರ್?’ ಎಂದುಬಿಟ್ಟ. ಅಕ್ಕ ನನ್ನ ಮುಖ ನೋಡಿದಳು. ಭಾವ ಆಗಲೇ ಎದ್ದು ಮೆಟ್ಟಿಲ ಹತ್ತಿರವಿದ್ದರು.

ಬ್ಲೋವರ್ ಓಡದೆ ಮಾನೋಮೀಟರ್ ಸೊನ್ನೆಯಿಂದ ಅಲುಗುವುದಿಲ್ಲ. ಬರೀ ಫ್ಯಾನಿನ ಸ್ವಿಚ್ ಒತ್ತಬಹುದಿತ್ತು, ಆದರೆ ಆ ವೇಗ ಬೇರೆ, ಬಿಸಿ ಮಾಡುವಾಗಿನ ವೇಗ ಬೇರೆ. ವೇಗ ಬೇರೆಯಾದರೆ ಅಳತೆಯೂ ಬೇರೆ. ಹೀಗಾಗಿ ಚಳಿಗಾಲವಿಡೀ 66 ಡಿಗ್ರಿ ಫ್ಯಾರನ್‌ಹೀಟ್ ದಾಟಗೊಡದೆ, ನಡುಗುವವರಿಗೆ ಸ್ವೆಟರ್ ತೋರಿಸುವ ಮನುಷ್ಯ ಕೆಳಗಿನಿಂದ ಕೂಗಿದರು, ‘ಏ, ಥರ್ಮೋಸ್ಟಾಟ್ 78ಕ್ಕೆ ಇಡೇ!’

ಬೆಂಕಿ ಹೊತ್ತಿತು, ಬ್ಲೋವರ್ ಎದ್ದಿತು, ಕೆಂಪು ಎಣ್ಣೆ ಸ್ವಲ್ಪ ಸರಿಯಿತು. ಹುಡುಗ ತಲೆಯಾಡಿಸಿ ಮೆಟ್ಟಿಲ ಕಡೆ ತಿರುಗಿದ. ‘ತಡೀರಿ, ಇದಿನ್ನೂ ಮೊದಲ್ನೇ ಹಂತ. ಎರಡ್ನೇ ಹಂತ ಬರ್ಲಿ.’ ಅದು ಬರುವುದು ತನಗೆ ಬೇಕೆನಿಸಿದಾಗ. ಮೇಲೆ ರೇಷ್ಮೆ ಸೀರೆಯ ಮೇಲೆ ಶಾಲು ಹೊದ್ದವರು ಶಾಲು ತೆಗೆದರು, ಆಮೇಲೆ ಹುಗ್ಗಿಯ ತಟ್ಟೆಯಿಂದಲೇ ಗಾಳಿ ಹಾಕಿಕೊಂಡರು. ಒಬ್ಬ ಹಿರಿಯರು ಹೊರಗಿನ ಹಿಮದಲ್ಲಿ ನಿಂತು ಬಂದರು. ಕೊನೆಗೆ ಬ್ಲೋವರಿನ ಸದ್ದು ಏರಿತು. ಎಣ್ಣೆ ಓಡಿ ನಿಂತಿತು.

‘ನೋಡಿದ್ರಾ? ಪಾಯಿಂಟ್ ಟೂ!’

‘ಅಂದ್ರೆ... ಬದಲಿಸ್ಬೇಕಾ ಸರ್?’

‘ಬ್ಯಾಡ.’

‘ಅಷ್ಟೇನಾ?’

‘ಅಷ್ಟೇ!’ ಎಂದರು ಭಾವ, ಮೊಮ್ಮಗನ ಮೊದಲ ಹೆಜ್ಜೆ ತೋರಿಸಿದವರ ಹಿಗ್ಗಿನಲ್ಲಿ.

ಒಂದು ವಾರದಲ್ಲಿ ಆ ಹುಡುಗ ನನಗೆ ಫೋನ್ ಮಾಡಿ, ತಗಡು ಕೊರೆಯಲು ಯಾವ ಡ್ರಿಲ್ ಬಿಟ್ಟು ಒಳ್ಳೆಯದೆಂದು ಕೇಳಿದ. ಅವನನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಭಾವನ ಮನೆಗೆ ಹೋದರೆ ಕಾಫಿ ಕುಡಿಯುವ ಮೊದಲು ನಾನೂ ಕೆಳಗಿಳಿದು ಎಣ್ಣೆ ನೋಡಿ ಬರುತ್ತೇನೆ. ಯಾಕೆಂದು ಕೇಳಬೇಡಿ.

ಅವರ ಮಿಕ್ಕ ಅಳತೆಗಳನ್ನು ವಿವರಿಸುವಷ್ಟು ಸಿಟ್ಟು ನನ್ನಲ್ಲಿ ಉಳಿದಿಲ್ಲ. ಕಾಫಿಪುಡಿ ಗ್ರಾಮಿನಲ್ಲಿ, ಕಾರಿನ ಟೈರು ಪ್ರತಿ ಶನಿವಾರ, ಫಿಲ್ಟರಿನ ಎಕ್ಸೆಲ್ ಹಾಳೆಯಲ್ಲಿ ಒಗ್ಗರಣೆಗೇ ಒಂದು ಕಾಲಮ್ಮು. ಒಣಮೆಣಸಿನಕಾಯಿ ಬಿದ್ದ ದಿನ ಅದರಲ್ಲಿ ನಕ್ಷತ್ರದ ಗುರುತು.

ಆ ಹಾಳೆಯಲ್ಲೇ ಒಂದು ರಹಸ್ಯವೂ ಇದೆ. 0.35 ಮುಟ್ಟಿದ ದಿನ ಫಿಲ್ಟರ್ ಬದಲಿಸುವುದೆಂದು ಭಾವನ ತೀರ್ಮಾನ. ಗೆರೆ 0.2ರಿಂದ ಏರುತ್ತಾ ಏರುತ್ತಾ 0.26ರ ಹತ್ತಿರ ಬಂದು, ಇದ್ದಕ್ಕಿದ್ದಂತೆ ಮತ್ತೆ 0.2ಕ್ಕೆ ಬಿದ್ದುಬಿಡುತ್ತದೆ. ಪೈಪು ಸೋರುತ್ತಿದೆಯೇನೋ ಎಂದು ಸಂದುಗಳಿಗೆಲ್ಲ ಸಾಬೂನಿನ ನೀರು ಹಚ್ಚಿ ಗುಳ್ಳೆ ಹುಡುಕಿದರು. ರಸಮಟ್ಟ ಇಟ್ಟು ಮತ್ತೆ ಸೊನ್ನೆಗೆ ಹೊಂದಿಸಿದರು. ಹಿಮ ಬಿದ್ದ ದಿನಗಳ ಜೊತೆ ತಾಳೆ ನೋಡಿದರು. ಕೊನೆಗೆ ಷರಾ ಕಾಲಮ್ಮಿನಲ್ಲಿ ‘ಸ್ವಯಂಶುದ್ಧಿ?’ ಎಂದು ಬರೆದರು.

ಅಕ್ಕನದು ಬೇರೆ ಪದ್ಧತಿ. ದೇವರ ಗೂಡಿನ ಕಪ್ಪು ಹಲಗೆಯ ಮೇಲೆ ಬೆರಳಾಡಿಸುತ್ತಾಳೆ. ಬೆರಳಿಗೆ ದೂಳು ಹತ್ತಿದರೆ, ಭಾವ ಬ್ಯಾಡ್ಮಿಂಟನ್ನಿಗೆ ಹೋದ ಹೊತ್ತಿನಲ್ಲಿ ಹೊಸ ಫಿಲ್ಟರ್ ಹಾಕಿ, ಹಳೆಯದನ್ನು ಕಸದ ಲಾರಿ ಬರುವ ದಿನ ದಾಟಿಸುತ್ತಾಳೆ. ತೆಗೆದು ನೋಡಿದ್ದರೆ ಬಿಳಿಯ ಫಿಲ್ಟರ್ ಭಾವನಿಗೂ ಕಾಣುತ್ತಿತ್ತು. ಆದರೆ ಮಾಪನವಿರುವಾಗ ಕಣ್ಣಿನಿಂದ ನೋಡುವುದು ಮಾಪನಕ್ಕೆ ಮಾಡುವ ಅವಮಾನ.

2023ರ ಜೂನ್ ಕೊನೆಯಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಇಳಿದು, ಡೆಟ್ರಾಯಿಟ್ ಗಾಳಿ ಜಗತ್ತಿನ ಅತಿ ಕೆಟ್ಟ ಗಾಳಿಗಳ ಪಟ್ಟಿ ಸೇರಿತಲ್ಲ, ಆಗ ಕೆಂಪು ಎಣ್ಣೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಎಂದು ಹೇಳುವ ಮಾಪನ ಅದು. ಉಸಿರಾಡುವ ಗಾಳಿ ಹೇಗಿದೆ ಎಂಬುದು ಅದಕ್ಕೆ ತಿಳಿಯದು. ಭಾವನಿಗೆ ತಿಳಿದಿತ್ತು. ಅಂಗಡಿಯಿಂದ ಮರ್ವ್ 13 ದರ್ಜೆಯ ಫಿಲ್ಟರುಗಳನ್ನು ಹೊತ್ತು ತಂದು, ನಾಲ್ಕನ್ನು ಪೆಟ್ಟಿಗೆಯಂತೆ ನಿಲ್ಲಿಸಿ ಟೇಪು ಸುತ್ತಿ, ಮೇಲೆ ಚೌಕದ ಫ್ಯಾನು ಕೂರಿಸಿದರು. ಕೋವಿಡ್ ಕಾಲದಲ್ಲಿ ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆ ಎಂದು ಹೆಸರಾದದ್ದು ಇದೇ. ಒಂದು ಎದುರು ಮನೆಯ ಒಂಟಿ ಅಜ್ಜಿಗೆ, ಒಂದು ಉಬ್ಬಸವಿರುವ ನನ್ನ ಮಗಳ ಕೋಣೆಗೆ. ರಾತ್ರಿ ಹತ್ತಕ್ಕೆ ತಾವೇ ತಂದಿಟ್ಟು, ಯಾವ ಅಂಕಿಯನ್ನೂ ಹೇಳದೆ ಹೋದರು.

ಭಾವನ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದವರು. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೂ ಹತ್ತಿಯ ನವಿರು ಇರುತ್ತಿತ್ತಂತೆ. ಕೊನೆಯ ವರ್ಷಗಳನ್ನು ಕೆಮ್ಮಿನಲ್ಲೇ ಕಳೆದರು. ಇದನ್ನು ಹೇಳಿದವಳು ಅಕ್ಕ. ಬೇಸ್‌ಮೆಂಟಿನ ಕೆಂಪು ಎಣ್ಣೆಗೂ ಆ ಕೆಮ್ಮಿಗೂ ಸಂಬಂಧವಿದೆಯೇ ಎಂದು ಒಮ್ಮೆ ಭಾವನನ್ನೇ ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ‘ಒಂದೇ ಕೇಸಿನ ಮೇಲೆ ಹಂಗೆಲ್ಲ ಹೇಳಕ್ಕಾಗಲ್ಲಪಾ, ಡೇಟಾ ಸಾಲದು’ ಎಂದರು.

ಈ ಯುಗಾದಿಗೆ ಕನ್ನಡ ಕೂಟದಲ್ಲಿ ಫಿಲ್ಟರಿನ ಗ್ರಾಫನ್ನು ಪವರ್‌ಪಾಯಿಂಟ್ ಮಾಡಿ ತೋರಿಸುತ್ತಾರಂತೆ. ಭರತನಾಟ್ಯಕ್ಕೂ ಊಟಕ್ಕೂ ನಡುವೆ ಅರ್ಧ ಗಂಟೆ ಕೇಳಿದ್ದರು. ಅಕ್ಕ ಕಾರ್ಯದರ್ಶಿಗೆ ಗುಟ್ಟಾಗಿ ಫೋನ್ ಮಾಡಿ ಅದನ್ನು 5 ನಿಮಿಷಕ್ಕೆ ಇಳಿಸಿದ್ದಾಳೆ. ಭಾವ ಸ್ಲೈಡುಗಳನ್ನು ಒಂದೊಂದೇ ಕಿತ್ತುಹಾಕುತ್ತಾ ಕೂತಿದ್ದಾರೆ. ‘ಸ್ವಯಂಶುದ್ಧಿ’ಯ ಸ್ಲೈಡನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ ಎಂದು ಅಕ್ಕ ಹಟ ಹಿಡಿದಿದ್ದಾಳೆ.