ಕುರ್ಚಿಗೊಂದು ಅಭ್ಯಂಜನ

ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಅಜ್ಜಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನಡುಮನೆಯಲ್ಲಿ ಕೂತರೆ ಮೊಮ್ಮಕ್ಕಳೆಲ್ಲ ಸಾಲಾಗಿ ತಲೆಯೊಡ್ಡಬೇಕಿತ್ತು. ತಲೆಗಳು ಮುಗಿದ ಮೇಲೆ ಬಟ್ಟಲ ತಳದಲ್ಲಿ ಉಳಿದದ್ದು ಕಿರುಗುಡುವ ಬಾಗಿಲಿಗೆ. ಅದರಲ್ಲೂ ಮಿಕ್ಕಿದ್ದು ಜಗಲಿಯಲ್ಲಿದ್ದ ಅಜ್ಜನ ಆರಾಮ ಕುರ್ಚಿಗೆ. ನಮಗಾದರೆ ಎಣ್ಣೆಯ ಬೆನ್ನಿಗೇ ಬಚ್ಚಲಲ್ಲಿ ಬಿಸಿನೀರು, ಸೀಗೆಪುಡಿ ಕಾದಿರುತ್ತಿದ್ದವು. ಕುರ್ಚಿಗೆ ಎಣ್ಣೆಯಷ್ಟೇ, ಸೀಗೆಯ ಭಾಗ್ಯವಿರಲಿಲ್ಲ. ಈ ಲೋಪದ ಫಲ ನನ್ನ ಕೈಗಂಟಿದ್ದು ನಲವತ್ತು ವರ್ಷದ ಮೇಲೆ.

ಊರಿನ ಮನೆ ಪಾಲಾದಾಗ ಹಂಡೆ, ಕಡಾಯಿಗಳಿಗೆ ಬಂದ ಬೇಡಿಕೆ ಕುರ್ಚಿಗೆ ಬರಲಿಲ್ಲ. ಸಾಗುವಾನಿಯದು, ಬೆತ್ತ ಹೆಣೆದದ್ದು, ಕಾಲು ಚಾಚಲು ಬರುವಷ್ಟು ಉದ್ದದ ತೋಳುಗಳು. ಅಟ್ಟದ ಮೇಲೆ ಇಪ್ಪತ್ತು ವರ್ಷ ಮಲೆನಾಡಿನ ಮಳೆಯ ತಂಪು ಕುಡಿದು ಬೆಂಗಳೂರಿಗೆ ಬಂದಿಳಿಯಿತು. ಮೈಮೇಲೆ ಕಪ್ಪನೆಯ ಜಿಡ್ಡು, ಕಮಟು ವಾಸನೆ. ಬೆರಳಿನಿಂದ ಅದರ ಮೇಲೆ ಹೆಸರು ಬರೆಯಬಹುದಿತ್ತು. ಬರೆದ ಬೆರಳನ್ನು ಕೀಳುವುದೇ ಕಷ್ಟ.

ಪೇಂಟ್ ಅಂಗಡಿಯವನು ಫೋಟೋ ನೋಡಿದವನೇ, ‘ಪಿಯು ಪಾಲಿಶ್ ಹೊಡೆಸಿಬಿಡಿ ಸಾರ್, ಹತ್ತು ವರ್ಷ ತಿರುಗಿ ನೋಡಂಗಿಲ್ಲ’ ಅಂದ. ಆ ಕೆಲಸವನ್ನು ನಾವು ಪಿಯು ಇಲ್ಲದೆಯೇ ಇಪ್ಪತ್ತು ವರ್ಷ ಮಾಡಿದ್ದೆವು. ಯಾಕೋ ಮನಸ್ಸೊಪ್ಪದೆ ನಮ್ಮ ಬೀದಿಯ ಕೊನೆಯ ಮುದಿ ಆಚಾರಿಯನ್ನು ಕರೆತಂದೆ. ಅವರು ಉಗುರಿನಿಂದ ಜಿಡ್ಡು ಕೆರೆದು ಮೂಸಿ ನೋಡಿ, ವೈದ್ಯರ ಗಾಂಭೀರ್ಯದಲ್ಲಿ ಹೇಳಿದರು: ‘ಮರಕ್ಕೇನೂ ಆಗಿಲ್ಲ ಸ್ವಾಮಿ. ಇದು ಎಣ್ಣೆ ಅಜೀರ್ಣ.’

ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ. ಮರದ ಮೇಲೆ ವರ್ಷಗಟ್ಟಲೆ ಹಸಿಯಾಗಿಯೇ ಕೂತು ಧೂಳು ತಿನ್ನುತ್ತದೆ, ಕಮಟುತ್ತದೆ. ಅಗಸೆ ಎಣ್ಣೆಯ ಗುಣವೇ ಬೇರೆ. ಅದು ಒಣಗುವುದೂ ನೀರಿನ ಹಾಗೆ ಆರಿಹೋಗಿ ಅಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ತನ್ನೊಳಗೇ ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತದೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವುದೂ ಇದನ್ನೇ. ಹುಡುಗನಾಗಿದ್ದಾಗ ನಾನು ನನ್ನ ಬ್ಯಾಟಿಗೂ ಅಜ್ಜಿಯ ಬಟ್ಟಲಿನದೇ ಹಚ್ಚಿದ್ದೆ. ಚೆಂಡು ಬ್ಯಾಟಿಗೆ ತಗುಲದೆ ಹೋಗುತ್ತಿದ್ದುದಕ್ಕೆ ಅದೇ ಕಾರಣವೆಂದು ಈಗ ಸಮಾಧಾನ ಮಾಡಿಕೊಂಡಿದ್ದೇನೆ.

ಅಗಸೆ ಎಣ್ಣೆಯ ಡಬ್ಬಿ ತಂದಾಗ ಮನೆಯಲ್ಲಿ ಸಣ್ಣ ಪ್ರಾಂತೀಯ ವಿವಾದವೆದ್ದಿತು. ಹೆಂಡತಿ ಧಾರವಾಡದವಳು. ‘ಅಗಸಿ ಹಿಂಡಿ ರೊಟ್ಟಿಗೆ ಹಚ್ಕೊಂಡು ತಿನ್ನೋದು ಗೊತ್ತು. ನಿಮ್ಮ ಕಡೆ ಕುರ್ಚಿಗೆ ಬಡಸ್ತಾರೇನ್ರಿ?’ ಅಂದಳು. ಆ ಡಬ್ಬಿಯನ್ನು ಅಡುಗೆಮನೆಯಿಂದ ದೂರ ಇಡಬೇಕಾಗಿತ್ತು. ‘ಬಾಯಿಲ್ಡ್’ ಎಂದು ಹೆಸರಿದ್ದರೂ ಅದು ಕುದಿಸಿದ್ದೇ ಆಗಿರಬೇಕೆಂದಿಲ್ಲ. ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ಹೊಟ್ಟೆಗೆ ಹೋಗುವಂಥದ್ದಲ್ಲ.

ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಜಿಡ್ಡು ತೆಗೆದು, 220 ನಂಬರಿನ ಮರಳು ಕಾಗದವನ್ನು ಮರದ ಎಳೆಯ ಜೊತೆಗೇ ಹಗುರಾಗಿ ಆಡಿಸಿದೆ. ಎಳೆಗೆ ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಎಣ್ಣೆ. ‘ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿಬಿಡಿ. ಒಂದು ದಿನ ಬಿಟ್ಟು ಇನ್ನೊಂದು ಕೈ’ ಎಂದಿದ್ದರು ಆಚಾರಿ. ದುಡ್ಡು ಕೊಟ್ಟು ತಂದ ಎಣ್ಣೆಯನ್ನು ಹಚ್ಚಿದ ಕಾಲು ಗಂಟೆಗೇ ಒರೆಸುವುದೆ? ನನ್ನೊಳಗಿನ ಅಜ್ಜಿ ಒಪ್ಪಲಿಲ್ಲ. ಧಾರಾಳವಾಗಿ ಬಳಿದು ಕುಡಿಯಲೆಂದು ಬಿಟ್ಟೆ. ಸಾಗುವಾನಿಯ ಒಡಲಲ್ಲಿ ಮೊದಲೇ ಅದರದೇ ಎಣ್ಣೆಯಿರುತ್ತದೆ. ಉಂಡವನಿಗೆ ಮತ್ತೆ ಬಡಿಸಿದಂತಾಯಿತು. ಮೂರನೆಯ ದಿನ ಬಂದ ಚಿಕ್ಕಪ್ಪ ಬಿಳಿ ಪಂಚೆಯುಟ್ಟು ಅದರಲ್ಲಿ ಕೂತರು. ಏಳುವಾಗ ಪಂಚೆ ಏಳಲಿಲ್ಲ. ‘ಅಪ್ಪ ಇದರ ಮೇಲೆ ಯಾರಿಗೂ ಕೂರಕ್ಕೆ ಬಿಡ್ತಿರಲಿಲ್ಲ ಕಣೋ. ಈಗ ಏಳಕ್ಕೂ ಬಿಡಲ್ವಲ್ಲೋ!’ ಅಂದರು.

ಮತ್ತೆ ಟರ್ಪೆಂಟೈನ್, ಮತ್ತೆ ಉಜ್ಜಾಟ. ಎಣ್ಣೆಯಾದ ಬಳಿಕ ಸೀಗೆ ಏಕೆಂದು ಆಗ ತಿಳಿಯಿತು. ಹಚ್ಚುವುದು ಯಾರಿಗೂ ಬರುತ್ತದೆ, ವಿದ್ಯೆಯಿರುವುದು ಒರೆಸುವುದರಲ್ಲಿ.

ಒರೆಸಿದ ಬಟ್ಟೆಯ ವಿಷಯದಲ್ಲಿ ಮಾತ್ರ ತಮಾಷೆ ಸಲ್ಲದು. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಆ ಕಾವು ಒಳಗೇ ಕೂಡಿ, ಬೆಂಕಿಕಡ್ಡಿಯ ಹಂಗಿಲ್ಲದೆ ಹೊತ್ತಿಕೊಳ್ಳಬಹುದು. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಕಟ್ಟಡದ 22ನೇ ಮಹಡಿಯಲ್ಲಿ ಇಂಥ ಬಟ್ಟೆಗಳಿಂದಲೇ ಬೆಂಕಿಯೆದ್ದು 3 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ನನ್ನ ಹಳೆಯ ಬನಿಯನ್ ಚೂರುಗಳನ್ನು ಈಗ ನೀರಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಹರಡಿ ಒಣಗಿಸಿಯೇ ಬಿಸಾಡುತ್ತೇನೆ. ನನ್ನ ಬನಿಯನ್ನುಗಳಿಗೆ ಇಂಥ ಮರ್ಯಾದೆ ಮೈಮೇಲಿದ್ದಾಗ ಸಿಕ್ಕಿರಲಿಲ್ಲ.

ಎಣ್ಣೆ ಚೆನ್ನಾಗಿ ಒಣಗಿದ ಮೇಲೆ ಜೇನುಮೇಣ. ಒಂದು ಪಾಲು ಮೇಣ ತುರಿದು, ಬಿಸಿನೀರಿನಲ್ಲಿಟ್ಟ ಪಾತ್ರೆಯಲ್ಲಿ ಕರಗಿಸಿ, ಒಲೆಯಿಂದ ದೂರ ತಂದು ಮೂರು ಪಾಲು ಟರ್ಪೆಂಟೈನ್ ಬೆರೆಸಿದೆ. ಆರಿದಾಗ ಬೆಣ್ಣೆಯಂಥ ಲೇಪ. ಅದನ್ನೂ ಹಚ್ಚಿ, ಒಣಗಲು ಬಿಟ್ಟು, ಒಣಬಟ್ಟೆಯಲ್ಲಿ ತಿಕ್ಕಬೇಕು. ತಿಕ್ಕಿದಷ್ಟೂ ಮರ ಒಳಗಿನಿಂದ ನಗುತ್ತದೆ.

ಆ ನಗು ಬಿಸಿಗೆ ಹೆದರುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಒಳ್ಳೆಯ ಕಾಫಿ ಅದಕ್ಕಿಂತ ಬಿಸಿ. ಸ್ಟೀಲ್ ಲೋಟ ಇಟ್ಟಲ್ಲಿ ಬೆಳ್ಳಗಿನ ಬಳೆ ಮೂಡುತ್ತದೆ. ಪಿಯುಗೆ ಇಂಥ ಗೊಡವೆಯಿಲ್ಲ, ನಿಜ. ಆದರೆ ಅದು ಎದ್ದುಹೋದ ದಿನ ಪೂರ್ತಿ ಕೆರೆದು ಮೊದಲಿನಿಂದ ಶುರುಮಾಡಬೇಕು. ಎಣ್ಣೆ ಮೇಣದ ಕುರ್ಚಿ ಹಾಗಲ್ಲ; ಬೇಗ ಮುನಿಯುತ್ತದೆ, ಆ ಜಾಗವಷ್ಟನ್ನೇ ಉಜ್ಜಿ ಒಂದಿಷ್ಟು ಮೇಣ ಸವರಿದರೆ ಬೇಗ ರಾಜಿಯೂ ಆಗುತ್ತದೆ.

ತೋಳುಗಳ ತುದಿಗೆ ಮಾತ್ರ ಆಚಾರಿ ಮರಳು ಕಾಗದ ತಾಗಿಸಗೊಡಲಿಲ್ಲ. ಅಜ್ಜನ ಅಂಗೈ ಓಡಾಡಿ ಅಲ್ಲಿ ಮರ ಕಪ್ಪಗೆ, ಕನ್ನಡಿಯ ಹಾಗೆ ನುಣುಪಾಗಿದೆ. ‘ಇದು ಅಂಗಡಿಯಲ್ಲಿ ಸಿಗೋ ಪಾಲಿಶ್ ಅಲ್ಲ ಸ್ವಾಮಿ’ ಎಂದಿದ್ದರು. ಅಜ್ಜ ಎಣ್ಣೆ ಹಚ್ಚಿದ ತಲೆ ಸವರಿಕೊಂಡು, ಅದೇ ಕೈಯನ್ನು ತೋಳಿನ ಮೇಲೆ ಮೂವತ್ತು ವರ್ಷ ಒರೆಸುತ್ತಲೇ ಇದ್ದ. ಸೀಗೆಯ ಕೆಲಸ ಅಲ್ಲೊಂದು ಕಡೆ ನಡೆದೇ ಇತ್ತು.

ಮೊನ್ನೆ ಭಾನುವಾರ ಅದೇ ಕುರ್ಚಿಯಲ್ಲಿ ಕೂತು ಜೋಳದ ರೊಟ್ಟಿ ತಿನ್ನುತ್ತಿದ್ದೆ. ಅಗಸಿ ಹಿಂಡಿಗೆ ಕಲಸಿದ ಕುಸುಬಿ ಎಣ್ಣೆಯ ಒಂದು ಹನಿ ತೋಳಿನ ಮೇಲೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಂದಳು:

‘ಹಚ್ಚಿದ್ದು ಆತಲ್ಲ, ಇನ್ನ ಒರಸ್ರಿ.’